ಬಿಸಿಲಿನ ಮೇಲೆ ಬರೆದ ಹಳ್ಳ

ನೀರು ಬಿದ್ದ ಕೂಡಲೇ ಎಲೆ ಹಸಿರಾಗುವುದನ್ನು ಕಂಡರೆ ಅಂಜಿನಿಗೆ ಮೈ ಉರಿಯುತ್ತಿತ್ತು. ಇಷ್ಟು ದಿನ ಎಲ್ಲಿತ್ತು ಈ ಹಸಿರು? ಸಂಡೂರಿನ ಗುಡ್ಡದಿಂದ ಇಳಿಯುವ ಅದಿರಿನ ಲಾರಿ ರಸ್ತೆಯ ಎರಡೂ ಮಗ್ಗುಲಿಗೆ ಗಿಡಗಳು ಇಟ್ಟಿಗೆಯಲ್ಲಿ ಮಾಡಿಟ್ಟ ಹಾಗೆ ಕೆಂಪಗೆ ನಿಂತಿದ್ದವು. ಬೇವು ಯಾವುದು, ಹೊಂಗೆ ಯಾವುದು ಎಂದು ಹತ್ತಿರ ಹೋಗಿ ಮೂಸಿದರೂ ತಿಳಿಯುವಂತಿರಲಿಲ್ಲ. ಟ್ಯಾಂಕರಿನ ನೆತ್ತಿಯ ಮೇಲೆ ಕಾಲಗಲಿಸಿ ನಿಂತ ಕ್ಲೀನರ್ ಮುದುಕಪ್ಪ ಪೈಪು ಹಿಡಿದು ಆಚೆಗೊಮ್ಮೆ ಈಚೆಗೊಮ್ಮೆ ಆಡಿಸಿದರೆ ಸಾಕು, ಕೆಂಪು ನೀರು ಕಾಂಡದ ಗುಂಟ ಇಳಿದು ಎಲೆ ನಾಚಿಕೆಯಿಲ್ಲದೆ ಹೊಳೆಯುತ್ತಿತ್ತು. ವರ್ಷಗಟ್ಟಲೆ ತಿಂದ ಧೂಳನ್ನು ಒಂದು ಗಳಿಗೆಯಲ್ಲಿ ಮರೆತುಬಿಡುವ ಈ ಗಿಡಗಳಿಗೆ ಮಾನವೆಂಬುದು ಇದ್ದಂತಿಲ್ಲ ಎಂದುಕೊಂಡು ಅಂಜಿನಿ ಸ್ಟೇರಿಂಗ್ ಮೇಲೆ ಮುಷ್ಟಿ ಗುದ್ದಿದ. ಹಾರ್ನ್ ಕೂಗಿತು. "ಏನಲೇ ಅಂಜಿನಿ, ಗಿಡಕ್ಕ ಮದುವಿ ಐತೇನು ಇವತ್ತು? ಎಣ್ಣಿ ಅರಿಶಿಣ ಹಚ್ಚೂದೊಂದು ಬಾಕಿ ನೋಡು!" ಎಂದು ಮುದುಕಪ್ಪ ಮೇಲಿಂದ ನಕ್ಕ. ಮದುವೆಯೆಂಬ ಮಾತು ಬಾಯಿತಪ್ಪಿ ಬಂದದ್ದು ಅವನಿಗೂ ತಿಳಿಯಿತೆಂದು ಕಾಣುತ್ತದೆ, ಆಮೇಲಿನ ಗಿಡಗಳನ್ನು ಸದ್ದಿಲ್ಲದೆ ತೊಳೆದ.

ಅವತ್ತು ಗುಡ್ಡವನ್ನು ಮೇಲಿಂದ ಅಳೆಯುವ ವಿಮಾನ ಬರುವ ದಿನ. ತೋರಣಗಲ್ಲಿನಲ್ಲಿ ಎದ್ದು, ಬಿಸಿಲು ನೆತ್ತಿಗೇರುವ ಹೊತ್ತಿಗೆ ಗುಡ್ಡದ ಮೇಲೆ ನೇಗಿಲು ಹೊಡೆದ ಹಾಗೆ ಸಾಲುಸಾಲಾಗಿ ಹಾರುತ್ತದೆ, ಅದರ ಹೊಟ್ಟೆಯಲ್ಲಿ ಎರಡು ಕ್ಯಾಮೆರಾ ಇವೆ, ಒಂದು ಎಲೆಯ ಬಣ್ಣವನ್ನು ನೂರಾರು ಎಳೆಯಾಗಿ ಬಿಡಿಸಿ ನೋಡುತ್ತದೆ, ಇನ್ನೊಂದು ನೆಲದ ಕಾವನ್ನೇ ನೋಡುತ್ತದೆ ಎಂದು ಗಣಿಯ ತುಂಬ ಸುದ್ದಿ. ಬೆಳಿಗ್ಗೆ ಹೊಸಪೇಟೆಯಿಂದ ನಾಗೇಂದ್ರಪ್ಪನ ಫೋನು ಬಂದಿತ್ತು. ಬಸ್‌ಸ್ಟ್ಯಾಂಡಿನ ಹಿಂದೆ ಹಳೇ ಟೈರಿಗೆ ಪಟ್ಟಿ ಅಂಟಿಸುತ್ತಿದ್ದವನು ನಾಗೇಂದ್ರಪ್ಪ. ಈಗ ಗಣಿಯ ರಸ್ತೆಗೆ ನೀರು ಹೊಡೆಯುವ, ಬೇಡದ ಮಣ್ಣು ಸಾಗಿಸಿ ಸುರಿಯುವ, ಆ ಗುಡ್ಡೆಗಳ ಮೇಲೆ ಗಿಡ ನೆಡುವ ಕಾಂಟ್ರಾಕ್ಟು ಅವನದೇ, ಟ್ಯಾಂಕರೂ ಅವನದೇ, ಅಂಜಿನಿಯೂ ಅವನವನೇ. "ಒಂದು ಎಲಿ ಕೆಂಪು ಕಂಡ್ರ ನಿನ್ನ ಚರ್ಮ ಸುಲೀತೀನಿ ಮಗನ. ಧೂಳ ಎಷ್ಟು ಕುಂತೈತಿ ಅಂತ ಮ್ಯಾಲಿಂದ ಅಳೀತಾವಂತ ಅವು. ಜಲ್ದಿ ತೊಳಿ. ಯಾರಿಗೂ ಹೇಳಬ್ಯಾಡ. ಉಳದ ನೀರು ಲೈನಿಗೆ ಬಿಡು." ಲೈನೆಂದರೆ ಗುಡ್ಡದ ಬುಡದಲ್ಲಿ ಕೂಲಿಯವರ ತಗಡಿನ ಮನೆಗಳ ಸಾಲು. ಅಂಜಿನಿಯ ಅವ್ವ ಎರ್ರೆಮ್ಮನೂ ಅಲ್ಲೇ ಇದ್ದಳು. ಟ್ಯಾಂಕರು ಬಂದರೆ ಅಲ್ಲಿ ಒಲೆ ಹೊತ್ತಬೇಕು, ಬರದಿದ್ದರೆ ಇಲ್ಲ.

ಚರ್ಮವೆಂದು ಕೇಳಿದ ಕೂಡಲೇ ಬೆನ್ನಿಗೆ ನೀರು ಬಂದು ಬಡಿದ ಹಾಗಾಯಿತು. ಹೋದ ಬೇಸಿಗೆಯ ನೀರು ಅದು, ಇನ್ನೂ ಒಣಗಿರಲಿಲ್ಲ. ಕಂಪ್ಲಿಯಿಂದ ಹೆಣ್ಣಿನ ಕಡೆಯವರು ರೇಣುಕಮ್ಮನನ್ನೂ ಕರೆದುಕೊಂಡು ಗಂಡು ನೋಡಲು ಬಂದಿದ್ದರು. ಹೊತ್ತಿಗೆ ಮುಂಚೆ ರಜೆ ಕೇಳಿದ್ದ, ಬದಲಿ ಡ್ರೈವರ್ ಬರುವುದು ತಡವಾಯಿತು, ಬಸ್ಸಿಳಿದ ಬೀಗರು ದಾರಿ ಕೇಳಿಕೊಂಡು ನೇರ ಟ್ಯಾಂಕರು ನಿಲ್ಲುವ ಅಂಗಳಕ್ಕೇ ಬಂದು ಬೇವಿನ ನೆರಳಲ್ಲಿ ಚಹಾ ಕುಡಿಯುತ್ತ ಕೂತುಬಿಟ್ಟಿದ್ದರು. ಅಂಜಿನಿ ತಲೆಯಿಂದ ಕಾಲಿನವರೆಗೆ ಕೆಂಪಾಗಿ ಬಂದು ನಿಂತ. ಗುಡ್ಡದ ಹಳ್ಳ ಇನ್ನೂ ಇದ್ದ ಕಾಲದಲ್ಲಾಗಿದ್ದರೆ ಇಳಿಯುವಾಗಲೇ ಮುಳುಗೆದ್ದು, ತಲೆ ಬಾಚಿಕೊಂಡು ಬರುತ್ತಿದ್ದ. ನಾಗೇಂದ್ರಪ್ಪ ಅವತ್ತು ಖುಷಿಯಲ್ಲಿದ್ದ. "ಅಲ್ರೀ ಬೀಗರ, ಹುಡುಗ ಯಾವ ಬಣ್ಣದವ ಅಂತ ನೋಡದ ಹೆಂಗ ಹೆಣ್ಣು ಕೊಡ್ತೀರಿ? ತಡೀರಿ, ತೋರಸ್ತೀನಿ" ಎಂದವನೇ ಪೈಪೆಳೆದು ವಾಲ್ವು ತಿರುವಿದ. ಎಮ್ಮೆಗೆ ಹೊಡೆಯುವ ಹಾಗೆ ಎದೆಗೆ, ಬೆನ್ನಿಗೆ, ಮುಖಕ್ಕೆ. ಅಂಗಿಯ ಗುಂಡಿಗಳು ಕಿತ್ತು ಹೋದವು. ಅಂಜಿನಿ ಕೆಸರಿನಲ್ಲಿ ಜಾರಿ ಬಿದ್ದ. ಎದ್ದ. ಎದ್ದವನು ಕೈಮುಗಿದು "ಸಾಕ್ರೀ ಧಣ್ಯಾರ, ಸಾಕ್ರೀ" ಎನ್ನುತ್ತ ಹಲ್ಲು ಕಿರಿದು ನಕ್ಕ. ಅದೊಂದು ನಗು ಅವನ ಬಾಯಿಂದ ಹೇಗೆ ಬಂತು ಎಂಬುದು ಇವತ್ತಿಗೂ ಅವನಿಗೆ ತಿಳಿಯದು. ಅಂಗಳವೆಲ್ಲ ನಗುತ್ತಿತ್ತು. ರೇಣುಕಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಆ ಸೆರಗಿನ ಹಿಂದೆ ಅವಳೂ ನಕ್ಕಳೋ, ಇಲ್ಲವೋ? ಕನ್ನಡಿಯ ಮುಂದೆ ಮುಖ ಕ್ಷೌರ ಮಾಡಿಕೊಳ್ಳುವಾಗ, ಗೇರು ಬದಲಿಸುವಾಗ, ಅನ್ನ ಕಲೆಸುವಾಗ, ಆ ಸೆರಗನ್ನು ಸರಿಸಿ ನೋಡುವುದೇ ಅವನ ಕೆಲಸವಾಗಿತ್ತು. ಕೆಲವು ಸಲ ನಗುತ್ತಿದ್ದಳು, ಕೆಲವು ಸಲ ಇಲ್ಲ. "ಹುಡುಗ ತೊಳಸ್ಕೊಂಡು ನಗಾಕತ್ತಿದ್ನಲ್ಲ" ಎಂದು ಅವಳಪ್ಪ ಹೇಳಿ ಕಳಿಸಿದ. ಈಗ ಅವಳು ಕಂಪ್ಲಿಯಲ್ಲೇ ಅಕ್ಕಿ ಮಿಲ್ಲಿನ ಹಮಾಲನೊಬ್ಬನ ಹೆಂಡತಿ.

"ಅಂಜಿನೀ, ನಿಂತ್ಯಾಕಲೇ? ಈ ಗಿಡ ತೊಳದಾತು, ಮುಂದಕ್ಕ ಹೋಗು" ಎಂದು ಮುದುಕಪ್ಪ ಟ್ಯಾಂಕರಿನ ನೆತ್ತಿಯನ್ನು ಹಿಮ್ಮಡಿಯಿಂದ ಕುಟ್ಟಿದ. ಗಾಡಿ ಮುಂದಕ್ಕೆ ಹೋಯಿತು. ಬೆಳಿಗ್ಗೆ ಶಾಲೆಯ ಮೈದಾನದಲ್ಲಿ ಆ ಮೇಡಮ್ಮು ಏನೆಂದಿದ್ದಳು? ಕಾವ್ಯ ಎಂದು ಹೆಸರು, ವಿಮಾನದವರ ಪೈಕಿ ನೆಲದ ಮೇಲಿನ ಕೆಲಸ ನೋಡುವವಳು, ಮೈಸೂರಿನ ಕಡೆಯ ಮಾತು. ಅಂಜಿನಿ ಏಳನೇ ಕ್ಲಾಸಿಗೆ ಬಿಟ್ಟು ಬಂದಿದ್ದ ಅದೇ ಶಾಲೆಯ ಡ್ರಮ್ಮಿಗೆ ಕುಡಿಯುವ ನೀರು ತುಂಬಲು ಹೋಗಿದ್ದ. ಪ್ರಾರ್ಥನೆಗೆ ಸಾಲು ನಿಲ್ಲುತ್ತಿದ್ದ ಜಾಗದಲ್ಲಿ ಬಿಳಿಯದೊಂದು, ಕರಿಯದೊಂದು, ಬೂದುಬಣ್ಣದ್ದೊಂದು, ಜಮಖಾನೆಗಿಂತ ದೊಡ್ಡ ಬಟ್ಟೆಗಳನ್ನು ಹಾಸಿ ಮೂಲೆಗೆ ಕಲ್ಲು ಹೇರಿದ್ದರು. ಬಿಳಿ ಎಷ್ಟು ಬಿಳಿ, ಕಪ್ಪು ಎಷ್ಟು ಕಪ್ಪು ಎಂದು ಕ್ಯಾಮೆರಾಗೆ ಮೊದಲು ಇಲ್ಲಿ ತೋರಿಸಿ ಆಮೇಲೆ ಗುಡ್ಡ ತೋರಿಸುತ್ತಾರಂತೆ. ಅವನ ಕಾಲು ಬಿಳಿ ಬಟ್ಟೆಯ ಅಂಚಿಗೆ ತಾಗಿ ಕೆಂಪು ಹೆಜ್ಜೆ ಮೂಡಿತು. ಅವಳು ಬೈಯಲಿಲ್ಲ, ಕರವಸ್ತ್ರ ತೆಗೆದು ಬಾಗಿ ಒರೆಸಿದಳು. ಬೈದಿದ್ದರೆ ವಾಸಿಯಿತ್ತು. ಆಮೇಲೆ ಟ್ಯಾಂಕರಿನ ಹಿಂದೆ ತೊಟ್ಟಿಕ್ಕುವ ನೀರು ನೋಡಿ ಗಾಬರಿಯಾದಳು. "ಇಲ್ಲಿ ನೀರು ಚೆಲ್ಲಬೇಡಿ, ದಯವಿಟ್ಟು. ಒದ್ದೆಯಾದ ನೆಲ ಕಾವಿನ ಚಿತ್ರದಲ್ಲಿ ಕಪ್ಪಗೆ ಬರುತ್ತೆ. ಸುತ್ತ ಬೆಂಕಿಯ ಹಾಗೆ ಬಿಳುಪು, ನೀರಿದ್ದ ಕಡೆ ಮಾತ್ರ ಕಪ್ಪು ಗೆರೆ. ವಿಮಾನ ಹೋಗೋವರೆಗೂ ಇಡೀ ಗುಡ್ಡದಲ್ಲಿ ಎಲ್ಲೂ ಟ್ಯಾಂಕರ್ ಓಡಿಸೋದಿಲ್ಲ ಅಂತ ನಿಮ್ಮ ಯಜಮಾನರು ಮಾತು ಕೊಟ್ಟಿದ್ದಾರೆ." ಅಂಜಿನಿ "ಹೂಂನ್ರಿ" ಎಂದಿದ್ದ. ಆಗ ಏನೂ ಹೊಳೆದಿರಲಿಲ್ಲ. ಗಿಡ ತೊಳೆಯುತ್ತ ತೊಳೆಯುತ್ತ, ಬಿಸಿಲು ಏರುತ್ತ ಏರುತ್ತ, ಆ ಕಪ್ಪು ಗೆರೆ ತಲೆಯೊಳಗೆ ತಾನಾಗಿ ಹರಿಯತೊಡಗಿತು.

ಕೊನೆಯ ತಿರುವಿನಲ್ಲಿ ಎಡಕ್ಕೆ ಹೋದರೆ ಲೈನು, ಬಲಕ್ಕೆ ಹತ್ತಿದರೆ ಡಂಪು, ಗಣಿಯ ಕೆಲಸಕ್ಕೆ ಬಾರದ ಮಣ್ಣನ್ನು ಸುರಿದೂ ಸುರಿದೂ ಎದ್ದ ಗುಡ್ಡ. ಅಂಜಿನಿ ಬಲಕ್ಕೆ ತಿರುಗಿಸಿದ. "ಏ, ಏ, ಯಾ ಕಡೆ ಹೊಂಟೀಯಲೇ? ಲೈನಿನ ನೀರು ಅದು!" ಎಂದು ಮುದುಕಪ್ಪ ಮೇಲಿಂದ ಕೂಗಿದ. ಡಂಪಿನ ನೆತ್ತಿ ಬಯಲಿನಂತೆ ಅಗಲವಾಗಿತ್ತು, ಬಿಸಿಲಿಗೆ ಕಾದು ಹೆಂಚಾಗಿತ್ತು. ನಾಗೇಂದ್ರಪ್ಪ ನೆಡಿಸಿದ ಸಸಿಗಳು ಊದುಬತ್ತಿಯ ಕಡ್ಡಿಗಳ ಹಾಗೆ ಒಣಗಿ ನಿಂತಿದ್ದವು. ಇದರ ಕೆಳಗೆ ಹಳ್ಳವಿತ್ತು. ಇತ್ತು ಎಂದು ಈಗ ಹೇಳುವವರು ಯಾರು? ಊರವರು ದೂರು ಕೊಟ್ಟಾಗ ಅಧಿಕಾರಿಗಳ ಜೀಪು ಬಂದಿತ್ತು. ನಾಗೇಂದ್ರಪ್ಪ ಅವರಿಗೆ ಎಳನೀರು ಕೊಡಿಸಿ, "ಇಲ್ಲಿ ಎಲ್ಲಿ ಹಳ್ಳ ರೀ ಸಾಹೇಬ್ರ, ಒಣ ಗುಡ್ಡ ಇದು. ಬೇಕಾದ್ರ ಈ ಗಾಳೆಪ್ಪನ್ನ ಕೇಳ್ರಿ, ಹುಟ್ಟಿದಾಗಿಂದ ಇಲ್ಲೇ ಕುರಿ ಕಾದಾನ" ಎಂದು ಅಂಜಿನಿಯ ಅಪ್ಪನನ್ನು ಮುಂದಕ್ಕೆ ತಳ್ಳಿದ್ದ. ಅದೇ ಹಳ್ಳದಲ್ಲಿ ಕುರಿ ಮೈ ತೊಳೆದವನು, ಮಗನನ್ನು ಬೆನ್ನ ಮೇಲೆ ಕೂರಿಸಿಕೊಂಡು ಈಜು ಕಲಿಸಿದವನು, ಟವಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಕೈಮುಗಿದು, "ಹೌದ್ರಿ. ಒಣ ಗುಡ್ಡ ರೀ" ಎಂದು ತಲೆಯಾಡಿಸಿದ. ಆಮೇಲೆ ನಕ್ಕ. ಈಗ ನೆನೆದರೆ ಅಂಜಿನಿಗೆ ಅಂಗಳದಲ್ಲಿ ತಾನು ನಕ್ಕ ನಗು ಅದೇ ಅನಿಸುತ್ತದೆ, ಅಪ್ಪ ಸಾಯುವಾಗ ಬಿಟ್ಟುಹೋದ ಆಸ್ತಿ.

ಹಿಂದಿನ ವಾಲ್ವು ತೆರೆದು ಗಾಡಿಯನ್ನು ನಡೆದಷ್ಟೇ ಮೆಲ್ಲಗೆ ಬಿಟ್ಟ. ನೀರು ಬಿದ್ದಲ್ಲೆಲ್ಲ ಮಣ್ಣು ಚುರ್ರೆಂದಿತು, ಬಿಸಿ ಆವಿ ಎದ್ದು ಮೂಗಿಗೆ ಬಡಿಯಿತು. ಹಳ್ಳ ಹುಟ್ಟುತ್ತಿದ್ದ ಬಂಡೆ ಇಲ್ಲಿ. ಇಲ್ಲಿಂದ ಕೆಳಕ್ಕೆ ನೇರ. ಇಲ್ಲಿ ಅತ್ತಿಯ ಮರ, ಮರಕ್ಕೊಂದು ಸುತ್ತು. ಇಲ್ಲಿ ಅವ್ವ ಬಟ್ಟೆ ಒಗೆಯುತ್ತಿದ್ದ ಕಲ್ಲು. ಇಲ್ಲಿ ಅಗಲ, ಇಲ್ಲಿ ಕಿರಿದು. ಸ್ಟೇರಿಂಗ್ ಅವನ ಕೈಯಲ್ಲಿ ತಾನೇ ತಿರುಗುತ್ತಿತ್ತು. ಮುದುಕಪ್ಪ ಇಳಿದು ಗಾಡಿಯ ಮಗ್ಗುಲಿಗೆ ಓಡುತ್ತ, "ನಿನಗೇನು ಹುಚ್ಚು ಹಿಡದೈತೇನಲೇ? ಬೆಳಗಿಂದ ಕೊಡ ಇಟ್ಟು ಕುಂತಾರ ಹೆಣ್ಮಕ್ಳು!" ಎಂದು ಬಾಗಿಲು ಬಡಿದ. "ದಿನಾ ಕುಡೀತಾರಲ್ಲ ಮಾವ. ಒಂದಿನ ಹಳ್ಳ ಕುಡೀಲಿ" ಎಂದ ಅಂಜಿನಿ. ಮುದುಕಪ್ಪ ನಿಂತುಬಿಟ್ಟ. ಹಿಂದೆ ಬಿದ್ದ ಒದ್ದೆ ಗೆರೆಯನ್ನು ಅದರ ಉದ್ದಕ್ಕೂ ನೋಡಿದ. "ಅತ್ತೀಗಿಡ ಇಷ್ಟು ಕೆಳಗ ಇರಲಿಲ್ಲಲೇ" ಎಂದು ತನ್ನಷ್ಟಕ್ಕೇ ಗೊಣಗಿದ.

ನೀರು ಮುಗಿಯಿತು, ವಿಮಾನ ಬರಲಿಲ್ಲ. ಗೆರೆಯ ಅಂಚು ಆಗಲೇ ಬಣ್ಣ ಬಿಡುತ್ತಿತ್ತು. ಅಂಜಿನಿ ಅದರ ಪಕ್ಕ ಕುಕ್ಕರಗಾಲಿನಲ್ಲಿ ಕೂತು ಒಣಗುವುದನ್ನೇ ನೋಡಿದ. ಎದ್ದು ಓಡಾಡಿದ. ಬಾ, ನಿಮ್ಮಪ್ಪನ ಗಂಟೇನು ಹೋಗುತ್ತದೆ, ಬಾ. ಕೊನೆಗೆ ತೋರಣಗಲ್ಲಿನ ಕಡೆಯಿಂದ ಹಿಟ್ಟಿನ ಗಿರಣಿಯಂಥ ಸದ್ದು ಕೇಳಿಸಿತು. ಚಿಕ್ಕದು, ಬಿಳಿಯದು, ಹದ್ದಿಗಿಂತ ದೊಡ್ಡದೇನೂ ಕಾಣಲಿಲ್ಲ. ಇಷ್ಟೇನಾ? ಸೊಕ್ಕಿನಿಂದ ನೇರ ಬಂತು, ನೇರ ಹೋಯಿತು, ಅದರ ನೆರಳು ಹಳ್ಳವನ್ನು ಅಡ್ಡ ಹಾಯುವಾಗ ಅಂಜಿನಿ ಎರಡೂ ಕೈ ಎತ್ತಿ, ಗಂಟಲು ಹರಿಯುವ ಹಾಗೆ, "ನೋಡಲೇ! ನೋಡು! ಸರಿಯಾಗಿ ನೋಡು!" ಎಂದು ಕೂಗಿದ. ಅವನ ಜೀವಮಾನದಲ್ಲಿ ಯಾರನ್ನಾದರೂ ಅವನು ಏಕವಚನದಲ್ಲಿ ಗದರಿಸಿ ಆಜ್ಞೆ ಮಾಡಿದ್ದು ಅದೇ ಮೊದಲು.

ಲೈನಿನಲ್ಲಿ ಕೊಡಗಳ ಸಾಲು ತಗಡಿನ ಮನೆಗಳ ಉದ್ದಕ್ಕೂ ಬೆಳೆದಿತ್ತು. ಟ್ಯಾಂಕರು ಬಂದದ್ದೇ ಹೆಂಗಸರು ಎದ್ದರು. ಎರ್ರೆಮ್ಮ ಎಲ್ಲರಿಗಿಂತ ಮುಂದೆ ಬಂದು, ಟ್ಯಾಂಕಿನ ಹೊಟ್ಟೆಗೆ ಗೆಣ್ಣಿನಿಂದ ಒಮ್ಮೆ ತಟ್ಟಿದಳು. ಖಾಲಿ ಡಬ್ಬಿಯ ಸದ್ದಾಯಿತು. ಅವಳು ಮಗನ ಮುಖ ನೋಡಿದಳು, ಅವನ ಅಂಗಿಗೆ ಅಂಟಿದ ಹಸಿ ಕೆಸರು ನೋಡಿದಳು. ಹಿಂದಿನಿಂದ ಜಂಬಕ್ಕ, "ಎಲ್ಲಿ ಚೆಲ್ಲಿ ಬಂದಿ ಭಾಡ್ಯಾ? ಕೂಸಿಗೆ ಜ್ವರ ಬಂದು ಬೆಳಗಿಂದ ಒದ್ದಿ ಬಟ್ಟಿಗೂ ಹನಿ ನೀರಿಲ್ಲ ನಮ್ಮನ್ಯಾಗ!" ಎಂದು ಕಿರುಚುತ್ತಿರುವಾಗಲೇ ನಾಗೇಂದ್ರಪ್ಪನ ಸ್ಕಾರ್ಪಿಯೋ ಬಂತು. ತೊಳೆದ ಎಲೆಗಳನ್ನು ದಾರಿಯುದ್ದಕ್ಕೂ ನೋಡಿಕೊಂಡು ಬಂದವನ ಮುಖ ಮದುಮಗನದಾಗಿತ್ತು. "ಭೇಷ್! ಮಸ್ತ್ ತೊಳದೀಯಲೇ. ಬಾ ಇಲ್ಲೆ, ಗಿಡ ತೊಳದವನ್ನ ಯಾರು ತೊಳೀಬೇಕು?" ಎಂದು ಹೆಂಗಸರ ಕಡೆ ಕಣ್ಣು ಹೊಡೆದು ಪೈಪೆತ್ತಿದ. ಅಂಜಿನಿ ಓಡಲಿಲ್ಲ. ಎದೆ ಕೊಟ್ಟು ನಿಂತ. ನಾಗೇಂದ್ರಪ್ಪ ವಾಲ್ವು ತಿರುವಿದ. ಪೈಪು ಮುದುಕನ ಹಾಗೆ ಕೆಮ್ಮಿತು. ಮತ್ತೆ ತಿರುವಿದ. ಒಂದಿಷ್ಟು ಬಿಸಿ ಗಾಳಿ, ಎರಡು ತುಕ್ಕಿನ ಹನಿ ಅವನ ಬಿಳಿ ಪ್ಯಾಂಟಿನ ಮೇಲೆ. ಅಂಜಿನಿ ನಕ್ಕ, ಇದು ಅಪ್ಪನ ನಗುವಲ್ಲ, ತನ್ನದೇ, ಹೊಸದು, ಹಲ್ಲಿಗೆ ರುಚಿ ಹತ್ತುವಂಥದು. ಲೈನೂ ತನ್ನ ಜೊತೆ ನಗುತ್ತದೆಂದು ಸುತ್ತ ನೋಡಿದ. ಯಾರೂ ನಗಲಿಲ್ಲ. ಖಾಲಿ ಕೊಡಗಳ ಬಾಯಿಗಳು ಅವನ ಕಡೆಗೇ ತೆರೆದಿದ್ದವು. ಎರ್ರೆಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು.

ಎರಡು ದಿನ ಬಿಟ್ಟು ಕಾವ್ಯಳ ಜೀಪು ಬಂತು. ಅವಳ ಹಿಂದೆಯೇ ನಾಗೇಂದ್ರಪ್ಪ. ಲೈನಿನ ಮುಂದೆ ಜೀಪಿನ ಬಾನೆಟ್ಟಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ಅವಳು ಚಿತ್ರ ತೆರೆದಳು. ಗುಡ್ಡ ಸುಣ್ಣದ ಹಾಗೆ ಬೆಳ್ಳಗಿತ್ತು, ಅದರ ಮೇಲೆ ಕಪ್ಪಗೆ, ಹಾವಿನಂತೆ, ತಿರುವು ತಿರುವಾಗಿ, ಅದೇ. ಅಂಜಿನಿ ಚಿತ್ರದ ಮೇಲೆ ಬಗ್ಗಿದ. ಹಳ್ಳ ಇಷ್ಟು ಚಂದ ಇತ್ತೇ? ಅದರ ಕೆಳಗೆ ಸಣ್ಣ ಸಣ್ಣ ಕಪ್ಪು ಚೌಕಗಳ ಸಾಲು. "ಅವ್ಯಾವು ರೀ? ಅಲ್ಲೂ ನೀರು ಐತೇನು?" ಎಂದ. "ಅದು ನಿಮ್ಮ ಮನೆಗಳು. ಹೊಸ ತಗಡು ಈ ಕ್ಯಾಮೆರಾಗೆ ಮೋಸ ಮಾಡುತ್ತೆ, ಆಕಾಶದ ತಂಪನ್ನ ಕನ್ನಡಿ ಹಾಗೆ ತಿರುಗಿಸಿ ತೋರಿಸುತ್ತೆ. ಒಳಗೆ ಬೆಂಕಿ ಇದ್ದರೂ ಮೇಲಿಂದ ನೋಡಿದರೆ ತಣ್ಣಗೆ" ಎಂದಳು ಕಾವ್ಯ. ಎರ್ರೆಮ್ಮ ಬಾಗಿಲಲ್ಲಿ ನಿಂತು ಬೆವರೊರೆಸಿಕೊಳ್ಳುತ್ತಿದ್ದಳು. "ಆದರೆ ಮಣ್ಣು ಹಾಗೆ ಮೋಸ ಮಾಡೋದಿಲ್ಲ. ಈ ಗೆರೆಯಲ್ಲಿ ಅವತ್ತು ನೀರಿತ್ತು. ನಾಗೇಂದ್ರಪ್ಪನವರೇ, ಇದು ಒಣ ಗುಡ್ಡ ಅಂದಿದ್ದಿರಿ. ಹಾಗಾದರೆ ಇದೇನು? ಟ್ಯಾಂಕರ್ ಚೆಲ್ಲಿದ್ದಾ?"

ನಾಗೇಂದ್ರಪ್ಪ ಗೆರೆಯನ್ನೊಮ್ಮೆ, ಡಂಪನ್ನೊಮ್ಮೆ ನೋಡಿದ. ಟ್ಯಾಂಕರು ಎಂದರೆ ಕೊಟ್ಟ ಮಾತು ತಪ್ಪಿದ್ದು ಹೊರಬೀಳುತ್ತದೆ, ತೊಳೆದ ಎಲೆಗಳೆಲ್ಲ ಹೊರಬೀಳುತ್ತವೆ. ಹಳ್ಳ ಎಂದರೆ ಡಂಪು ಹೊರಬೀಳುತ್ತದೆ. ಎರಡು ಕಡೆಗೂ ಹಗ್ಗ ಬಿಗಿದ ಹೋರಿಯ ಹಾಗೆ ನಿಂತವನನ್ನು ಅಂಜಿನಿ ತಣ್ಣಗೆ ನೋಡಿದ. ಒಂದು ವರ್ಷ ಕಾದದ್ದು ಇದಕ್ಕೇ. "ಟ್ಯಾಂಕರ್ ಓಡೇ ಇಲ್ರಿ ಮೇಡಂ ಅವತ್ತು. ಏನಪಾ ಅಂಜಿನಪ್ಪ, ನೀನಽ ಹೇಳು, ನೀ ಇಲ್ಲೇ ಹುಟ್ಟಿ ಬೆಳದಾಂವ. ಒಣ ಗುಡ್ಡ ಅಲ್ಲೇನು?" ಎಂದ ನಾಗೇಂದ್ರಪ್ಪ. ಅಂಜಿನಪ್ಪ! ಅಪ್ಪನನ್ನು ತಳ್ಳಿದ ಅದೇ ಕೈ ಈಗ ಅವನ ಭುಜದ ಮೇಲಿತ್ತು, ಬೆವೆತಿತ್ತು. ಟ್ಯಾಂಕರು ಎಂಬ ಒಂದೇ ಮಾತು ನಾಲಿಗೆಯ ಮೇಲೆ ತಯಾರಾಗಿತ್ತು. ಎಲೆ ತೊಳೆದದ್ದನ್ನೂ ಸೇರಿಸಿ ಹೇಳಿದರೆ ಇವತ್ತೇ ಇವನ ಕಾಂಟ್ರಾಕ್ಟು ಮುಗಿಯಿತು. ಆದರೆ ಹಾಗೆಂದರೆ ಆ ಗೆರೆ ಬರೀ ಚೆಲ್ಲಿದ ನೀರಾಗುತ್ತದೆ. ಗುಡ್ಡ ಮತ್ತೆ ಒಣ ಗುಡ್ಡ. ಅಪ್ಪ ಹೇಳಿದ್ದೇ ನಿಜವಾಗುತ್ತದೆ.

"ಹಳ್ಳ ರೀ ಮೇಡಂ" ಎಂದ. "ಹಳ್ಳಾನ ಅದು. ಮಣ್ಣು ಸುರದು ಮುಚ್ಯಾರ. ಈ ಧಣೀನ ಮುಚ್ಯಾನ."

ಭುಜದ ಮೇಲಿನ ಕೈ ಇಳಿಯಿತು. ಕಾವ್ಯ ಲ್ಯಾಪ್‌ಟಾಪ್ ಮುಚ್ಚಿದಳು. "ಮೇಲಿಂದ ಕಂಡದ್ದನ್ನ ಕೆಳಗೆ ಕೈಯಿಂದ ಮುಟ್ಟಿ ನೋಡದೆ ನಾವು ಒಪ್ಪೋದಿಲ್ಲ" ಎಂದು ಜೀಪಿನಿಂದ ಗುದ್ದಲಿ, ಸಲಿಕೆ ಇಳಿಸಿದಳು. "ಬನ್ನಿ, ತೋರಿಸಿ."

ಡಂಪಿನ ಮೇಲೆ ಗೆರೆಯ ಗುರುತೂ ಉಳಿದಿರಲಿಲ್ಲ. ಅವಳು ಚಿತ್ರ ನೋಡಿ ನಿಲ್ಲಿಸಿದ ಜಾಗದಲ್ಲಿ, ಅತ್ತಿಯ ಮರದ ಹತ್ತಿರ, ಅಥವಾ ಅವನು ಅತ್ತಿಯ ಮರವೆಂದುಕೊಂಡ ಕಡೆ, ಅಂಜಿನಿ ಗುದ್ದಲಿ ಎತ್ತಿ ಹಾಕಿದ. ಕೆಂಪು ಮಣ್ಣು, ಒಣ ಮಣ್ಣು. ಮೊಳಕೈ ಆಳಕ್ಕೆ ಹೋಯಿತು. ಕಾವ್ಯ ಒಳಗೆ ಒಂದು ಕಡ್ಡಿಯಂಥದನ್ನು ಚುಚ್ಚಿ ನೋಡಿದಳು. "ತೇವ ಇಲ್ಲ. ಕಾವು ಸುತ್ತಲಿನಷ್ಟೇ ಇದೆ" ಎಂದಳು. ಅವಳ ದನಿಯಲ್ಲಿ ಅನುಮಾನ ಬಂದಿತ್ತು. ಬಿಳಿ ಬಟ್ಟೆಯ ಮೇಲಿನ ಹೆಜ್ಜೆಯನ್ನು ಒರೆಸಿದಾಗಿನ ಮುಖವೇ ಈಗಲೂ. ನಾಗೇಂದ್ರಪ್ಪನ ತುಟಿಯ ತುದಿ ಮೆಲ್ಲಗೆ ಅಗಲವಾಗುತ್ತಿತ್ತು. "ಇನ್ನಾ ಕೆಳಗೈತ್ರಿ" ಎಂದ ಅಂಜಿನಿ. ಅಗೆದ. ಎಷ್ಟು ಕೆಳಗೆ? ಎಷ್ಟು ಲಾರಿ, ಎಷ್ಟು ವರ್ಷದ ಲಾರಿ ಕೆಳಗೆ? ಅಂಗೈಯ ಗುಳ್ಳೆ ಒಡೆದು ಹಿಡಿಕೆ ಜಾರಿತು. ಸೊಂಟದವರೆಗೆ ಗುಂಡಿಯೊಳಗಿದ್ದ. ಗುದ್ದಲಿ ಬಿದ್ದಾಗೊಮ್ಮೆ ನಾಗೇಂದ್ರಪ್ಪನ ಎದೆಗೆ ಬಿದ್ದ ಹಾಗಾಗುತ್ತಿತ್ತು, ಒಮ್ಮೆ ಅಪ್ಪನ ಎದೆಗೆ, ಒಮ್ಮೆ ಯಾರದೆಂದು ತಿಳಿಯದ ಎದೆಗೆ.

ನೆರಳೊಂದು ಗುಂಡಿಯ ಮೇಲೆ ಬಿತ್ತು. ಎರ್ರೆಮ್ಮ. ಬಿಸಿಲಲ್ಲಿ ಅಷ್ಟೂ ದೂರ ಹತ್ತಿ ಬಂದಿದ್ದಳು, ಏದುಸಿರು ಬಿಡುತ್ತಿದ್ದಳು. ಗುಂಡಿಯನ್ನು ನೋಡಿದಳು, ಗುಡ್ಡದ ನೆತ್ತಿಯಿಂದ ಬುಡದವರೆಗೆ ಒಮ್ಮೆ ಕಣ್ಣು ಹಾಯಿಸಿದಳು.

"ಮುದುಕಪ್ಪ ಎಲ್ಲಾ ಹೇಳ್ದ" ಎಂದಳು, ಅವನಿಗೆ ಮಾತ್ರ ಕೇಳಿಸುವಷ್ಟು ಮೆಲ್ಲಗೆ. ಆಮೇಲೆ ಕಾವ್ಯಳ ಕಡೆಗೂ ನಾಗೇಂದ್ರಪ್ಪನ ಕಡೆಗೂ ತಿರುಗಿ, ಎಲ್ಲರಿಗೂ ಕೇಳುವ ಹಾಗೆ, "ಇದಽ ಹಳ್ಳದಾಗ ನಾ ಬಾಣಂತಿ ಬಟ್ಟಿ ಒಗದೀನ್ರಿ" ಎಂದಳು.

ನಾಗೇಂದ್ರಪ್ಪ ಏನೋ ಅನ್ನಲು ಹೋದ. ಅವಳು ಅವನ ಕಡೆ ನೋಡಲಿಲ್ಲ. ಕಂಕುಳಲ್ಲಿದ್ದ ಖಾಲಿ ಕೊಡವನ್ನು ಇಳಿಸಿ, ಗುಂಡಿಯ ಅಂಚಿನಲ್ಲಿ, ಬಗ್ಗಿ ನಿಂತಿದ್ದ ಮಗನ ತಲೆಯ ಪಕ್ಕಕ್ಕೇ ಇಟ್ಟಳು.

"ನೀರು ಬಂದ್ರ ಜಂಬಕ್ಕನ ಮನಿಗೆ ಮೊದಲು" ಎಂದಳು. "ಆಮ್ಯಾಲ ಉಳದವ್ರಿಗೆ. ಅಗಿ."

ಅಂಜಿನಿ ಗುದ್ದಲಿ ಎತ್ತಿದ.